ನಿಧಾನದವರು ಮುಂದೆ

"ನಮ್ಮ ಪಪ್ಪನ್ನ ಇಷ್ಟು ಜನರ ಎದುರು ಹೀಗೆ ಕೇಳೋಕೆ ನಿಮಗೆ ನಾಚಿಕೆ ಆಗಲ್ವಾ?"

ರಶ್ಮಿತಾ ಯಶವಂತನಿಗೆ ಆಡಿದ ಮೊದಲ ಮಾತು ಇದು. 2005ರ ಡಿಸೆಂಬರ್, ವಸಂತ್ ಕುಂಜ್ ಪಕ್ಕದ ಸಂಜಯ್ ವನದ ಗೇಟು, ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಆ ಮಂಜಿನಲ್ಲೂ ಅವಳ ಮೂಗಿನ ತುದಿ ಕೆಂಪಾಗಿದ್ದು ಅವನಿಗೆ ಸರಿಯಾಗಿ ಕಂಡಿತು. ಪಾಪ, ಅವನು ಅಲ್ಲೇ ಅರ್ಧ ಸೋತಿದ್ದ ಎನ್ನಿ.

ಅವನು ಮಾಡಿದ ತಪ್ಪಾದರೂ ಏನು? ದೆಹಲಿಯ ಕೆಲವು ಕನ್ನಡದ ಮನೆಯವರು ಚಳಿಗಾಲದ ಭಾನುವಾರಗಳಲ್ಲಿ ಮಕ್ಕಳುಮರಿ, ಅಜ್ಜ ಅಜ್ಜಿಯರನ್ನು ಕಟ್ಟಿಕೊಂಡು ಕಾಡಿಗೋ ತೋಟಕ್ಕೋ ನಡೆಯಲು ಹೋಗುತ್ತಿದ್ದರು. ನಿವೃತ್ತ ಅಧಿಕಾರಿ ಕೇಶವಮೂರ್ತಿಗಳು ಎಲ್ಲರನ್ನೂ ಸೇರಿಸುವವರು. ದಾರಿ ಬಲ್ಲವನು ಯಶವಂತ್. ಚಿತ್ರದುರ್ಗದ ಕಡೆಯ ಹುಡುಗ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಾಡುಮರಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಹೊರಡುವ ಮುಂಚೆ ಅವನು ಗಟ್ಟಿಯಾಗಿ ಕೇಳಿದ್ದು ಇಷ್ಟೇ: "ನಮ್ಮಲ್ಲಿ ಎಲ್ಲರಿಗಿಂತ ನಿಧಾನ ನಡೆಯೋರು ಯಾರು?"

ಕೈ ಎತ್ತಿದವರು ರಶ್ಮಿತಾಳ ತಂದೆ ರತ್ನಾಕರ. ಕುಂದಾಪುರದ ಕಡೆಯಿಂದ ಬಂದು ಸರೋಜಿನಿ ನಗರ ಮಾರ್ಕೆಟ್ಟಿನ ಹಿಂದೆ ಹೋಟೆಲು ಇಟ್ಟವರು. ಹಿಂದಿನ ವರ್ಷ ಎದೆನೋವು ಬಂದಿತ್ತು. ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ಎಲ್ಲರೂ ತನ್ನನ್ನು ದಾಟಿ ಹೋಗುವುದನ್ನು ಕಂಡರೆ ಅವರಿಗೆ ಮುಖ ಬಾಡುತ್ತಿತ್ತು. ಮಗಳಿಗೆ ಅದು ಗೊತ್ತಿತ್ತು. ಅದಕ್ಕೇ ಅಷ್ಟು ಸಿಟ್ಟು.

"ಅವಮಾನಕ್ಕೆ ಕೇಳಿದ್ದಲ್ಲ," ಎಂದ ಯಶವಂತ್ ಮೆಲ್ಲಗೆ. "ನಮ್ಮಲ್ಲಿ ನಿಧಾನದವರೇ ಮುಂದೆ. ಅವರನ್ನ ಯಾರೂ ದಾಟೋ ಹಾಗಿಲ್ಲ. ಹಿಂದೆ ಬಿಟ್ಟರೆ ಏನಾಗುತ್ತೆ ಗೊತ್ತಾ? ಮುಂದಿನವರು ಕೂತು ಸುಧಾರಿಸ್ಕೊಂಡು, ಅವರು ಬಂದು ಸೇರೋ ಹೊತ್ತಿಗೆ ಎದ್ದು ಹೊರಡ್ತಾರೆ. ಪಾಪ, ಸುಸ್ತಾದವರಿಗೇ ಕೂರೋಕೆ ಸಿಗಲ್ಲ."



ರತ್ನಾಕರ ಮಫ್ಲರ್ ಸರಿ ಮಾಡಿಕೊಂಡು ಎಲ್ಲರ ಮುಂದೆ ಹೋಗಿ ನಿಂತರು. "ಚಲೋ, ಇವತ್ತು ನಾನೇ ಇಂಜಿನ್. ಯಾರೂ ಹಾರನ್ ಹೊಡೀಬೇಡಿ ಮಾರಾಯ್ರೇ," ಎಂದರು. ಎದೆನೋವು ಬಂದ ಮೇಲೆ ಅವರು ಹೀಗೆ ತಮಾಷೆ ಮಾಡಿದ್ದನ್ನು ಮಗಳು ಕೇಳಿಯೇ ಇರಲಿಲ್ಲ.

'ಛೇ... ಸುಮ್ಮನೆ ಬೈದುಬಿಟ್ಟೆ,' ಎಂದುಕೊಂಡಳು.

ಹೀಗೆ ಶುರುವಾಯಿತು. ಆದರೆ ಪ್ರೀತಿಸುವವರಿಗೆ ಸಿಕ್ಕ ಇಂಥ ಶಿಕ್ಷೆ ಶತ್ರುವಿಗೂ ಬೇಡ! ಅವಳು ತಂದೆಯ ಕೈ ಹಿಡಿದು ಸಾಲಿನ ಮುಂದೆ. ಅವನು ಯಾರೂ ತಪ್ಪಿಹೋಗದಂತೆ ಸಾಲಿನ ಕೊನೆಗೆ. ನಡುವೆ ಇಪ್ಪತ್ತು ಮೂವತ್ತು ಜನ, ಕಲ್ಲು ಆರಿಸುವ ಮಕ್ಕಳು, ಮಂಡಿನೋವಿನ ಅಜ್ಜಿಯರು. ಮಾತು ಸಿಗುತ್ತಿದ್ದುದು ತಿಂಡಿಗೆ ಕೂತಾಗ ಮಾತ್ರ.

ಅವಳ ತಾಯಿ ಲೋಲಾಕ್ಷಿ ಹೋಟೆಲಿನಿಂದ ಡಬ್ಬಿಗಟ್ಟಲೆ ಇಡ್ಲಿ ತರುತ್ತಿದ್ದರು. ಬಡಿಸುವುದು ರಶ್ಮಿತಾ. "ಆ ಹುಡುಗನಿಗೆ ಹಾಸ್ಟೆಲಲ್ಲಿ ಎಂತದೂ ಹಾಕುದಿಲ್ವಾ?" ಎಂದರು ಅವರು ಒಂದು ದಿನ. "ನಾನು ಬಡಿಸಿದ್ರೆ ನಾಲ್ಕು. ನೀನು ಬಡಿಸಿದ್ರೆ ಎಂಟು."

"ಅಮ್ಮಾ, ಪ್ಲೀಸ್."

ಲೋಲಾಕ್ಷಿ ನಕ್ಕು ಸುಮ್ಮನಾದರು. ಹೆತ್ತವಳಿಗೆ ಹೊಟ್ಟೆಯ ಲೆಕ್ಕವೂ ಗೊತ್ತು, ಮನಸ್ಸಿನ ಲೆಕ್ಕವೂ ಗೊತ್ತು.

ಎರಡನೆಯ ಚಳಿಗಾಲದಲ್ಲಿ ಒಮ್ಮೆ ಲೋಧಿ ಗಾರ್ಡನ್ನಿಗೆ ಹೋಗಿದ್ದರು. ಸಪಾಟು ದಾರಿ, ಹುಲ್ಲಿನ ಮೇಲೆ ಬಿಸಿಲು. ಮಕ್ಕಳು ಗುಮ್ಮಟದ ಕಡೆ ಓಡಿದರು. ಇಬ್ಬರೇ ಸಿಕ್ಕಿದ್ದು ಅಂದೇ ಮೊದಲು.

"ಅಂಕಲ್ ಹತ್ರ ಒಂದು ವಿಷಯ ಕೇಳ್ಬೇಕು ಅಂತಿದೀನಿ," ಎಂದ ಯಶವಂತ್.

"ಏನದು?"

"ಇಡ್ಲಿಗೆ ಉದ್ದು ಎಷ್ಟು ಹಾಕ್ತಾರೆ ಅಂತ."

"ಅಚ್ಛಾ. ಅಷ್ಟಕ್ಕೆ ಯಾಕೆ ಬೆವರ್ತಿದೀರಾ?"

ಅವನು ಅವಳ ಮುಖ ನೋಡಿದ. ಅವಳು ಹುಲ್ಲು ನೋಡಿದಳು. ಅಷ್ಟೇ. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಅವನು ಕೇಳುವ ಮುಂಚೆ ರತ್ನಾಕರರೇ ಅವನನ್ನು ಒಂದು ಮಾತು ಕೇಳಿದರು. ಫರೀದಾಬಾದ್ ಕಡೆಯ ಗುಡ್ಡಕ್ಕೆ ಮುಂದಿನ ವಾರ ನಡಿಗೆ ಇತ್ತು. ಯಶವಂತ್ ಸಂಶೋಧನೆ ಮಾಡುತ್ತಿದ್ದ ಮರಗಳು ಇದ್ದದ್ದು ಅಲ್ಲೇ.

"ನನ್ನನ್ನೂ ಹತ್ತಿಸು ಮಾರಾಯ. ಮೂವತ್ತು ವರ್ಷ ದಿಲ್ಲಿಯಲ್ಲಿ ಹೋಟೆಲಿನ ಮೆಟ್ಟಿಲು ಬಿಟ್ಟು ಬೇರೆಂತ ಹತ್ತಿದ್ದೇನೆ ನಾನು?"

ಯಶವಂತ್ ಹಿಂದೆಮುಂದೆ ನೋಡಿದ. ಸಣ್ಣ ಗುಡ್ಡ, ಮಕ್ಕಳು ಆಡಿಕೊಂಡು ಹತ್ತುವಂಥದು. ಆದರೂ ಎದೆಯ ಕಾಯಿಲೆ... ಕೊನೆಗೆ ಅಂದ: "ನಿಧಾನಕ್ಕೆ ಹೋಗೋಣ ಅಂಕಲ್. ನಾನಿದೀನಿ."

ಹತ್ತಿದರು. ನಿಂತು ನಿಂತು, ಅರ್ಧ ಬೆಳಗು ಹತ್ತಿದರು. ಇಡೀ ಸಾಲು ಅವರ ಹಿಂದೆ ತಾಳ್ಮೆಯಿಂದ ಬಂತು. ಮೇಲೆ ಧೌ ಮರದ ನೆರಳಿನಲ್ಲಿ ಕೂತು ರತ್ನಾಕರ ಚಪ್ಪಲಿ ಬಿಚ್ಚಿ ಕಾಲು ಚಾಚಿದರು.

"ಇದು ನಮ್ಮ ಕಡೆಯ ದಿಂಡಿಗದ ಮರದ ಜಾತೀದು ಅಂಕಲ್," ಎಂದ ಯಶವಂತ್.

"ಹಾಗಾದ್ರೆ ನೆಂಟರ ಮನೆಗೇ ಬಂದ ಹಾಗಾಯ್ತು," ಎಂದು ಅವರು ನಕ್ಕರು. ಹೆಂಡತಿ ಕೊಟ್ಟ ಇಡ್ಲಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಅದೇ ವಾರ, ಹೋಟೆಲಿನ ಗಲ್ಲಾದ ಮುಂದೆ ಕೂತಿದ್ದವರು ಕೂತ ಹಾಗೆಯೇ ಒರಗಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆಯಲ್ಲಿ ಜನವೋ ಜನ. ಯಶವಂತ್ ಬೆಳಿಗ್ಗೆಯೇ ಬಂದಿದ್ದ. ಚಟ್ಟಕ್ಕೆ ಹೆಗಲು ಕೊಟ್ಟ. ಸ್ಮಶಾನದಿಂದ ಎಲ್ಲರೊಂದಿಗೆ ವಾಪಸು ಬಂದು ಹಜಾರದ ಮೂಲೆಯಲ್ಲಿ ಕೂತ. ಊರಿನಿಂದ ವಿಮಾನದಲ್ಲಿ ಬಂದಿದ್ದ ನೆಂಟರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಎದೆಯ ಕಾಯಿಲೆಯವನನ್ನು ಗುಡ್ಡ ಹತ್ತಿಸಿದ್ದಂತೆ. ಯಾವ ಪುಣ್ಯಾತ್ಮನೋ."

ಅವನ ಎದೆಗೆ ಅದು ನಾಟಿತು. ಒಳಕೋಣೆಯಲ್ಲಿ ತಾಯಿಯನ್ನು ತಬ್ಬಿ ಕೂತಿದ್ದ ರಶ್ಮಿತಾಗೆ ಅದು ಕೇಳಿಸಲಿಲ್ಲ.

ಸಂಜೆ ಅವನು ಎದ್ದ. ಅವಳು ಅದನ್ನು ನೋಡಿ ಬಾಗಿಲಿಗೆ ಬಂದು ನಿಂತಳು. ಏನಾದರೂ ಒಂದು ಹೇಳುತ್ತಾನೆ... ನಾನಿದೀನಿ ಅನ್ನುತ್ತಾನೆ... ಅಷ್ಟು ಸಾಕಿತ್ತು ಅವಳಿಗೆ.

ಅವನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡ. ಅವಳ ಕಡೆ ನೋಡಲಿಲ್ಲ. ಒಂದು ಮಾತೂ ಆಡದೆ ಮೆಟ್ಟಿಲು ಇಳಿದು ಹೋದ. ಹಿಂದೆ ತಿರುಗಲೂ ಇಲ್ಲ.

'ಇಷ್ಟೇನಾ? ಪಪ್ಪ ಹೋದ ದಿನವೇ ಇವರೂ ಹೋದ್ರಾ?'

ಅವಳೊಳಗೆ ಏನೋ ಕಲ್ಲಾಯಿತು.

ಉತ್ತರಕ್ರಿಯೆ ಮುಗಿದ ಮೇಲೆ ಅವನ ಫೋನು ಬಂತು. "ರಶ್ಮಿತಾ, ನಾನು..."

"ಇನ್ನು ಮೇಲೆ ಫೋನ್ ಮಾಡ್ಬೇಡಿ. ನೀವು ಮಾಡಿದ್ದು ನನಗೆ ಸಾಕು."

"ಸರಿ," ಎಂದ ಯಶವಂತ್. ಫೋನು ಇಟ್ಟ.

ಅವಳು ಹೇಳಿದ್ದು ಬಾಗಿಲಲ್ಲಿ ಬಿಟ್ಟುಹೋದದ್ದನ್ನು. ಅವನು ತಿಳಿದದ್ದು ಗುಡ್ಡ ಹತ್ತಿಸಿದ್ದನ್ನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ರಶ್ಮಿತಾ ತಾನು ಪಾಠ ಹೇಳುತ್ತಿದ್ದ ಶಾಲೆಯ ಕೆಲಸ ಬಿಟ್ಟು ಹೋಟೆಲಿನಲ್ಲಿ ತಂದೆಯ ಕುರ್ಚಿಯಲ್ಲಿ ಕೂತಳು. ಅಮ್ಮನಿಗೆ ಧೈರ್ಯ ಹೇಳಿದಳು, ಅಡುಗೆಯವರಿಗೆ ಧೈರ್ಯ ಹೇಳಿದಳು, ತರಕಾರಿ ಭಯ್ಯಾ ಅತ್ತಾಗ ಅವನಿಗೂ ಧೈರ್ಯ ಹೇಳಿದಳು. ಒಬ್ಬರ ಎದುರೂ ಅಳಲಿಲ್ಲ. ಭಾನುವಾರ ಬಂದರೆ ಮಾತ್ರ ಕಾರಣವಿಲ್ಲದೆ ಎಲ್ಲರ ಮೇಲೆ ರೇಗುತ್ತಿದ್ದಳು.

ಚಳಿಗಾಲ ಮತ್ತೆ ಬಂತು. ವರ್ಷಾಂತಿಕ ಮುಗಿಯಿತು. ಆ ಶನಿವಾರ ಹೋಟೆಲಿಗೆ ಬಂದ ಕೇಶವಮೂರ್ತಿಗಳು ಕಾಫಿ ಕುಡಿಯುತ್ತಾ ಹೇಳಿದರು: "ನಾಳೆ ಸಂಜಯ್ ವನಕ್ಕೆ ಬನ್ನಿ ಲೋಲಾಕ್ಷಮ್ಮ. ಯಶವಂತನಿಗೆ ಡೆಹ್ರಾಡೂನಿನಲ್ಲಿ ಕೆಲಸ ಆಗಿದೆ. ನಾಳೆ ಸಂಜೆಯೇ ರೈಲು. ಇನ್ನು ಈ ಕಡೆ ಬರ್ತಾನೋ ಇಲ್ವೋ."

ಅವರು ಹೋದ ಮೇಲೆ ಲೋಲಾಕ್ಷಿ ಮಗಳ ಪಕ್ಕ ಬಂದು ಕೂತರು. "ವರ್ಷ ಕಳೀಲಿ, ಆ ಹುಡುಗ ಬಂದು ಕೇಳ್ತಾನೆ ಅಂತ ಕಾದಿದ್ದೆ ನಾನು. ಸೂತಕದ ವರ್ಷದಲ್ಲಿ ಮದುವೆ ಮಾತು ಎತ್ತುದು ಬೇಡ ಅಂತ ಸುಮ್ಮನಿದ್ದಾನೆ ಅಂದ್ಕೊಂಡಿದ್ದೆ. ಈಗ ಊರೇ ಬಿಟ್ಟು ಹೊರಟಿದ್ದಾನಲ್ಲ. ಎಂತ ಆಯ್ತು ನಿಮಗೆ?"

"ಅವರ ಹೆಸರು ಎತ್ಬೇಡ ಅಮ್ಮ. ಪಪ್ಪ ಹೋದ ದಿನ ನನ್ನ ಮುಖ ಕೂಡ ನೋಡದೆ ಹೋದೋರು ಅವರು. ಒಂದು ಮಾತು ಹೇಳದೆ."

ಲೋಲಾಕ್ಷಿ ಮಗಳನ್ನೇ ನೋಡಿದರು.

"ಎಂತ ಹೇಳ್ತಿ ನೀನು? ಸಾವಿನ ಮನೆಯಿಂದ ಯಾರಾದರೂ ಹೇಳಿ ಹೋಗ್ತಾರಾ?"

"ಅಂದ್ರೆ?"

"ಹೋಗಿ ಬರ್ತೇನೆ ಅನ್ಬಾರದು ಮಗಾ. ಅಂಥ ಮನೆಗೆ ಇನ್ನೊಂದು ಸಲ ಅದೇ ಕಾರಣಕ್ಕೆ ಬರುವ ಹಾಗೆ ಆಗ್ಬಾರದು ಅಂತ. ಎದ್ದು ಸುಮ್ಮನೆ ಹೋಗ್ಬೇಕು, ತಿರುಗಿ ನೋಡ್ಬಾರದು. ಆವತ್ತು ಬಂದವರು ಯಾರು ನಿನಗೆ ಹೇಳಿ ಹೋದ್ರು? ಕೇಶವಮೂರ್ತಿಗಳು ಹೇಳಿದ್ರಾ?"

ಇಲ್ಲ. ಯಾರೂ ಹೇಳಿರಲಿಲ್ಲ. ಅವಳು ಬೇರೆ ಯಾರನ್ನೂ ಕಾಯುತ್ತಿರಲಿಲ್ಲ, ಅದಕ್ಕೇ ನೆನಪಿರಲಿಲ್ಲ.

ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಮನೆಯಲ್ಲಿ ಆದ ಮೊದಲ ಸಾವು ಅದು. ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ವಿಷಯವೂ ಅಲ್ಲ ಅದು.

"ಅಮ್ಮ... ನಾನು ಅವರಿಗೆ ಏನೇನೋ ಅಂದ್ಬಿಟ್ಟೆ."

ಬೆಳಿಗ್ಗೆ ಆಟೋ ಹಿಡಿದು ಹೋಗುವಷ್ಟರಲ್ಲಿ ಸಾಲು ಕಾಡಿನೊಳಗೆ ಹೊರಟಾಗಿತ್ತು. ರಶ್ಮಿತಾ ಓಡಿದಳು. ಕೀಕರ್ ಮರಗಳ ನಡುವಿನ ತಿರುವಿನಲ್ಲಿ ಕೊನೆಯವನು ಕಂಡ. ಅದೇ ಹಳೆಯ ಸ್ವೆಟರು, ಇಳಿದುಹೋದ ಮುಖ.

"ಯಶವಂತ್."

ಅವನು ತಿರುಗಿದ. ಸಾಲು ಮುಂದೆ ಹೋಯಿತು. ಇಬ್ಬರೇ ಉಳಿದರು.

"ನನಗೆ ಗೊತ್ತಿರಲಿಲ್ಲ," ಎಂದಳು ಏದುಸಿರಿನಲ್ಲಿ. "ಸಾವಿನ ಮನೆಯಿಂದ ಹೇಳದೆ ಹೋಗ್ಬೇಕು ಅಂತ ನನಗೆ ಗೊತ್ತಿರಲಿಲ್ಲ. ನೀವು ನನ್ನ ಬಿಟ್ಟು ಹೋದ್ರಿ ಅಂದ್ಕೊಂಡೆ. ಅದಕ್ಕೇ ಫೋನಲ್ಲಿ ಹಾಗಂದಿದ್ದು."



"ಅದಕ್ಕಾ?" ಎಂದ ಯಶವಂತ್. "ನಾನು... ಗುಡ್ಡ ಹತ್ತಿಸಿದ್ದಕ್ಕೆ ಅಂದ್ಕೊಂಡೆ. ಅಂಕಲ್ ಸಾವಿಗೆ ನಾನೇ ಕಾರಣ ಅಂತ ನೀವು ಹೇಳಿದ್ರಿ ಅಂತ. ಒಂದು ವರ್ಷ ಅದನ್ನೇ ಹೊತ್ಕೊಂಡು ಓಡಾಡಿದೀನಿ ರಶ್ಮಿತಾ. ನನ್ನ ಮರಗಳ ಹತ್ರ ಹೋದರೂ ಆ ನೆರಳಲ್ಲಿ ಕೂರೋಕೆ ಆಗ್ತಿರಲಿಲ್ಲ."

ಅವಳು ದಾರಿ ಬದಿಯ ಬಂಡೆಯ ಮೇಲೆ ಕೂತಳು. ತಾನು ತನ್ನ ದುಃಖವನ್ನು ಎಣಿಸುತ್ತಾ ಕೂತಿದ್ದಾಗ ಈ ಮನುಷ್ಯ ಇಂಥದ್ದನ್ನು ಹೊತ್ತಿದ್ದನೇ?

"ಇಲ್ಲ. ಡಾಕ್ಟರ್ ಆವತ್ತೇ ಅಮ್ಮನಿಗೆ ಹೇಳಿದ್ರು. ಪಪ್ಪನ ಹೃದಯ ಯಾವತ್ತೋ ನಿಲ್ಲಬೇಕಿತ್ತಂತೆ. ನಡೆದದ್ದಕ್ಕೇ ಎರಡು ಚಳಿಗಾಲ ಸಿಕ್ತಂತೆ ಅವರಿಗೆ... ನಮಗೆ. ಇದನ್ನ ನಾನು ನಿಮಗೆ ಹೇಳ್ಬೇಕಿತ್ತು. ನಿಮಗೇ ಮೊದಲು ಹೇಳ್ಬೇಕಿತ್ತು."

ಯಶವಂತ್ ಮುಖ ಆ ಕಡೆ ತಿರುಗಿಸಿದ. ಅವನ ಹೆಗಲು ಅಲುಗಿತು. ಅದನ್ನು ಕಂಡದ್ದೇ ತಡ, ವರ್ಷವಿಡೀ ಅವಳು ಯಾರ ಎದುರೂ ಬಿಡದೆ ಹಿಡಿದಿಟ್ಟದ್ದೆಲ್ಲ ಕಿತ್ತುಕೊಂಡು ಬಂತು. "ಪಪ್ಪಾ..." ಎಂದು ಮಗುವಿನ ಹಾಗೆ ಅತ್ತಳು.

ಅವನು ಬಂದು ಪಕ್ಕದಲ್ಲಿ ಕೂತ. ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಅವರನ್ನ ಕೇಳ್ಬೇಕು ಅಂದ್ಕೊಂಡಿದ್ದೆ," ಎಂದ. "ನಿಮ್ಮ ಮಗಳನ್ನ ನನಗೆ ಕೊಡ್ತೀರಾ ಅಂತ. ನಾಳೆ, ನಾಡಿದ್ದು ಅಂತ ಮುಂದೆ ಹಾಕ್ದೆ. ಆ ಮಾತು ಅವರಿಗೆ ಮುಟ್ಟಿಸೋಕೆ ಇನ್ನು ಆಗಲ್ಲ."

ಅವಳು ಇನ್ನೂ ಜೋರಾಗಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ, ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಕೇಳಿದಳು:

"ಹಾಗಾದ್ರೆ ಯಾರನ್ನ ಕೇಳ್ತೀರಾ?"

"ನಿಮ್ಮನ್ನೇ. ಆದರೆ ಈಗಲ್ಲ. ಮೊದಲು ಅತ್ತು ಮುಗಿಸಿ."

"ಇದು ಇವತ್ತಿಗೆ ಮುಗಿಯೋದಲ್ಲ ಯಶವಂತ್."

"ಗೊತ್ತು."

"ಸಂಜೆ ರೈಲಿದೆಯಲ್ಲ ನಿಮಗೆ?"

"ನಾಳೆಯೂ ಇದೆ," ಎಂದ ಅವನು. "ನೀವು ಅತ್ತುಬಿಡಿ. ನಾನು ಇಲ್ಲೇ ಕೂತಿರ್ತೀನಿ."