ಜೋಡಿಸದ ಒಂಬತ್ತು ಚಿತ್ರಗಳು

"ಇನ್ನ ಎಷ್ಟ ದಿನ?"

ಕತ್ತಲೆಕೋಣೆಯ ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಆನಿಸಿ ನಿಂತು ನೀಲಾ ಬಾಯಿಬಿಟ್ಟು ಕೇಳಿದಳು. ಯಾರನ್ನೂ ಕೇಳಿದ್ದಲ್ಲ. ಅಲ್ಲಿ ಯಾರೂ ಇಲ್ಲವೆಂದುಕೊಂಡೇ ಕೇಳಿದ್ದು. ಹಣೆಯ ಮೇಲಿನ ಹೊಸ ಗಾಯ ಇನ್ನೂ ಚುರುಗುಡುತ್ತಿತ್ತು.

"ಯಾವುದಕ್ಕರೀ?"

ಕತ್ತಲೆಯೇ ಮಾತಾಡಿತೆ!

"ಯಾ... ಯಾರದು?"

"ನಾನ್ರೀ, ಶಶಿಕುಮಾರ. ಕಣ್ಣಿಗೆ ಔಷಧ ಹಾಕಿ ಇಲ್ಲಿ ಕುಂದ್ರು ಅಂದ್ರು, ಕುಂತೇನಿ. ನೀವ ಒಳಗ ಬಂದವ್ರ ಎಷ್ಟ ದಿನ ಅಂತ ಕೇಳಿದ್ರ, ನನ್ನ ಕಣ್ಣಿನ ಮುಹೂರ್ತನ ಕೇಳಾಕತ್ತೀರೇನೋ ಅಂತ ಹೆದರಿದ್ನಿ!"

ನೀಲಾಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ನಕ್ಕು!

ನವನಗರದ ಆ ಕಣ್ಣಿನ ಆಸ್ಪತ್ರೆಯಲ್ಲಿ ಅವಳದು ಚಿತ್ರ ತೆಗೆಯುವ ಕೆಲಸ. ಹತ್ತಡಿ ಉದ್ದ, ಎಂಟಡಿ ಅಗಲದ ಕಿಟಕಿಯಿಲ್ಲದ ಕೋಣೆ, ಒಂದು ಕ್ಯಾಮೆರಾ, ಒಂದು ಕಂಪ್ಯೂಟರು. ಕಣ್ಣಿನ ಪಾಪೆಯೊಳಗಿಂದ ಹಣಕಿ ಹಿಂದಿನ ಪರದೆಯ ಚಿತ್ರ ತೆಗೆಯಬೇಕು. ಒಂದು ಸಲಕ್ಕೆ ಸಿಗುವುದು ಅಂಗೈಯಗಲದ ಕಿಂಡಿಯಿಂದ ಊರು ನೋಡಿದಷ್ಟೇ. ಅದಕ್ಕಾಗಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಮೂಲೆಮೂಲೆಗೆ ನೋಡಲು ಹೇಳಿ ಒಂಬತ್ತು ಚಿತ್ರ ತೆಗೆಯುವುದು. ಒಂಬತ್ತನ್ನೂ ಅಂಚಿಗೆ ಅಂಚು ಕೂಡಿಸಿದಾಗ ಪರದೆಯ ಅಗಲವೆಲ್ಲ ಒಂದೇ ನೋಟಕ್ಕೆ ತೆರೆದುಕೊಳ್ಳುತ್ತದೆ.

"ಗದ್ದ ಇಲ್ಲಿ ಇಡ್ರಿ. ಮ್ಯಾಲ ನೋಡ್ರಿ... ಇನ್ನ ಸ್ವಲ್ಪ ಮ್ಯಾಲ..."

"ಸಾಲ್ಯಾಗ ಹುಡುಗೂರಿಗೆ ನಾ ಹಿಂಗ ಹೇಳತೇನ್ರಿ. ಇವತ್ತ ಸೇಡು ತೀರಿತು."

"ಮಾಸ್ತರೇನ್ರಿ?"

"ಹೂಂರಿ. ಶಿರಗುಪ್ಪಿ ಹೈಸ್ಕೂಲಿನ್ಯಾಗ ಗಣಿತ. ಮನಿ ರಾಯಾಪುರ. ನಿನ್ನಿಯಿಂದ ಎಡಗಣ್ಣಾಗ ಮಿಂಚ ಹೊಡದಂಗ ಆಗಾಕತ್ತೈತಿ."

ತುರ್ತೆಂದು ಎಡಗಣ್ಣಿನ ಚಿತ್ರಗಳನ್ನಷ್ಟೇ ತೆಗೆದಳು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ ಇದ್ದವು. ಕೂಡಿಸಿದಾಗ ಮಾತ್ರ, ಎರಡು ಚಿತ್ರಗಳು ಸೇರುವ ಅಂಚಿನಲ್ಲಿ, ಉಗುರಿನಿಂದ ಗೀರಿದಂಥ ಒಂದು ಹರಕು ಕಂಡಿತು!

ನೀಲಾ ಡಾಕ್ಟರ್ ಭಾಗ್ಯಾರ ಕೋಣೆಗೆ ಓಡಿದಳು. ಆ ಸಂಜೆಯೇ ಲೇಸರ್ ಹಾಕಿ ಹರಕನ್ನು ಬೆಸೆದರು.

"ಇನ್ನೆರಡ ದಿನ ತಡಾ ಆಗಿದ್ರ ಪರದಿ ಕಳಚತಿತ್ತು," ಎಂದರು ಡಾಕ್ಟರು. "ಈ ಹುಡುಗಿ ಕಣ್ಣಿಗೆ ಕೈ ಮುಗೀರಿ."

ಅವನು ನಿಜವಾಗಿಯೂ ಕೈ ಮುಗಿದ. ನೀಲಾ ತಲೆ ತಗ್ಗಿಸಿದಳು. *ನನ್ನ ಕಣ್ಣಿಗೆ... ಯಾರೂ ಕೈ ಮುಗಿಯಬಾರದು.*

*

ಮನೆಯಲ್ಲಿ ಅಪ್ಪ ಸೋಮಪ್ಪ ದಿನಾ ಸಂಜೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ನೂರಾರು ಪದ ಬಾಯಿಪಾಠ. ಮೊದಲು ಇರುಳುಗುರುಡು, ಆಮೇಲೆ ಸುತ್ತಲಿಂದ ಮುಸುಕಿದ ಮಬ್ಬು, ನಲವತ್ತೈದಕ್ಕೆ ಪೂರ್ತಿ ಕತ್ತಲು. ಆದರೂ ಅವನ ದನಿ ಒಂದು ದಿನವೂ ದೇವರ ಮೇಲೆ ದೂರು ಹೇಳಿರಲಿಲ್ಲ. ಕೇಳುತ್ತ ಕೇಳುತ್ತಲೇ ಬೆಳೆದವಳು ನೀಲಾ.

ಅವಳು ಇನ್ನೊಂದನ್ನೂ ನೋಡುತ್ತ ಬೆಳೆದಿದ್ದಳು. ಅವ್ವ ಅಕ್ಕವ್ವ ಹದಿನೆಂಟು ವರ್ಷ ಅಪ್ಪನ ಕೈ ಹಿಡಿದು ನಡೆಸಿದ್ದಳು. ಕಚೇರಿಗೆ, ಭಜನೆಗೆ, ಬಚ್ಚಲಿಗೆ. ಒಂದು ದಿನ ಹಾಗೇ ಕುಳಿತಲ್ಲೇ ಕುಸಿದು ತೀರಿಹೋದಳು.

ಕಳೆದ ವರ್ಷದಿಂದ ನೀಲಾ ಬಾಗಿಲ ಚೌಕಟ್ಟಿಗೆ, ತೆರೆದ ಕಿಟಕಿಗೆ ಹಣೆ ಬಡಿಸಿಕೊಳ್ಳತೊಡಗಿದ್ದಳು. ಮೇಲಿನದು ಕಾಣುತ್ತಿರಲಿಲ್ಲ. ಹೊತ್ತು ಮುಳುಗಿದರೆ ಹೆಜ್ಜೆ ತಡವರಿಸುತ್ತಿತ್ತು. ಆ ಕತ್ತಲೆಕೋಣೆಯೊಂದೇ ಅವಳಿಗೆ ಕ್ಷೇಮ. ಅಲ್ಲಿ ಎಲ್ಲರೂ ತಡವರಿಸುತ್ತಾರೆ!

ತಿಂಗಳ ಮೊದಲ ಸೋಮವಾರ, ಯಾರೂ ಬರುವ ಮುಂಚೆ, ತನ್ನ ಬಲಗಣ್ಣಿನ ಚಿತ್ರಕ್ಕಾಗಿ ಅವಳೇ ಕ್ಯಾಮೆರಾದ ಮುಂದೆ ಗದ್ದ ಇಡುತ್ತಿದ್ದಳು. ಗುಂಡಿ ಒತ್ತುವವಳು ಕಣ್ಣಿಗೆ ಔಷಧ ಹಾಕುವ ಅಮೀನಾಬಿ.

"ಚಂದ ಬಂದೈತಿ ನೋಡವ್ವಾ, ಕಿತ್ತಳಿ ಹಣ್ಣಿನಂಗ!" ಎನ್ನುತ್ತಿದ್ದಳು ಆಕೆ, ಚಿತ್ರ ಓದಲು ಬಾರದ ಅಕ್ಕರೆಯಿಂದ.

ಕಿತ್ತಳೆ ಬಣ್ಣದ ನಡುವೆ ಅಲ್ಲಲ್ಲಿ ಕರಿ ಚುಕ್ಕೆಗಳು. ಇದೇ ಆಸ್ಪತ್ರೆಯಲ್ಲಿದ್ದ ಅಪ್ಪನ ಹಳೆಯ ಕಡತದಲ್ಲಿ ಕಂಡಂಥವೇ ಚುಕ್ಕೆಗಳು!

ಸುಳ್ಳು ಸಂಖ್ಯೆಯೊಂದರ ಅಡಿಯಲ್ಲಿ ಆ ಒಂಬತ್ತನ್ನೂ ಇಟ್ಟು, ಕಂಪ್ಯೂಟರು ತಾನಾಗಿ ಜೋಡಿಸದಂತೆ ತಡೆಯುತ್ತಿದ್ದಳು. ಸಾವಿರ ಜನರ ಕಣ್ಣು ಜೋಡಿಸಿದವಳು ತನ್ನದನ್ನು ಜೋಡಿಸಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ. *ಬಿಡಿಯಾಗಿದ್ದರೆ ಇನ್ನೂ ಸುಳ್ಳಾಗಬಹುದು. ಜೋಡಿಸಿದರೆ... ಮುಗಿಯಿತು.*

*

ಶಶಿಕುಮಾರ ವಾರಕ್ಕೊಮ್ಮೆ ಬಂದ. ಆಮೇಲೆ ಕರೆಯದೆಯೂ ಬಂದ.

"ಮಾಸ್ತರ ಕಣ್ಣ ನೆಟ್ಟಗ ಆಗಿ ತಿಂಗಳಾತು," ಅಮೀನಾಬಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಈಗ ಬ್ಯಾನಿ ಬ್ಯಾರೆ ಕಡೆ ಐತಿ. ಅದಕ್ಕ ನನ್ನ ಹಂತ್ಯಾಕ ಔಷಧ ಇಲ್ಲಪಾ!"

"ನಿಮ್ಮ ಹಂತ್ಯಾಕ ಇಲ್ಲ ಖರೇ, ಖಾಲಾ. ಒಳಗಿನವರ ಹಂತ್ಯಾಕ ಐತಿ," ಎಂದ ಅವನು.

ನೀಲಾಳ ಕೆನ್ನೆ ಬಿಸಿಯಾಯಿತು. ಅವನ ದನಿ ಕೇಳಿದರೆ ಸಾಕು, ಆ ಕೋಣೆಗೆ ಕಿಟಕಿ ಬಂದಂತಾಗುತ್ತಿತ್ತು. ಮರುಗಳಿಗೆ ಅಷ್ಟೇ ಭಯ.

ಶಿರಗುಪ್ಪಿ ಶಾಲೆಯಲ್ಲಿ ನೇತ್ರ ಶಿಬಿರ ನಡೆದ ದಿನ ಅವನು ಮೊದಲ ಮಹಡಿಯ ಮೊಗಸಾಲೆಯಿಂದ ಕೈ ಬೀಸಿದ. ಒಂದು ಸಲವಲ್ಲ, ಮೂರು ಸಲ! ನೀಲಾ ಅವನ ಕೆಳಗೇ ಹಾದು ಹೋದಳು. ಬೇರೆ ಮಾಸ್ತರರು ನಕ್ಕರು. ಅವನ ಕೈ ಗಾಳಿಯಲ್ಲೇ ಉಳಿಯಿತು.

ಆ ಸಂಜೆ ನವನಗರದ ಬಸ್ ನಿಲ್ದಾಣದಲ್ಲಿ ಅವನು ಎದುರು ಬಂದು ನಿಂತ. ಅವಳಿಗೆ ಕಂಡದ್ದು ಅಂಗಿಯ ಎರಡನೆಯ ಗುಂಡಿ.

"ನೋಡಿಯೂ ನೋಡದಂಗ ಹೋದ್ರಿ. ಇರಲಿ. ನಾ ಹೇಳೂದ ಹೇಳತೇನಿ. ನಿಮ್ಮನ್ನ ಮದವಿ ಆಗಬೇಕಂತ ಮಾಡೇನಿ. ನಿಮ್ಮಪ್ಪಾರನ್ನ ಕೇಳಾಕ ಬರಲೇನ್ರಿ?"

*ಹೂಂ ಅನ್ನು, ಹೂಂ ಅನ್ನು...* ಎಂದಿತು ಎದೆ. ಕಣ್ಣ ಮುಂದೆ ಬಂದದ್ದು ಅವ್ವ, ಅಪ್ಪನ ಕೈ ಹಿಡಿದ ಅವ್ವ.

"ಬ್ಯಾಡ್ರಿ."

"ಯಾಕ್ರಿ? ನಮ್ಮ ಮನ್ಯಾಗ ಬುದ್ಧವಿಹಾರಕ್ಕ ಹೋಗತೇವಿ, ನಿಮ್ಮ ಮನ್ಯಾಗ ಭಜನಿ... ಅದಕ್ಕೇನು?"

"ಅದಕ್ಕ ಅಂತನ ತಿಳಕೋರಿ."

"ನೀವು ಅಂಥವರಲ್ಲ ಅನ್ಕೊಂಡಿದ್ನಿ," ಎಂದವನು ತಿರುಗಿ ನಡೆದ. ಬಸ್ಸು ಬಂತು, ಹೋಯಿತು. ನೀಲಾ ಹತ್ತಲೇ ಇಲ್ಲ.

*

ಮೂರು ತಿಂಗಳ ತಪಾಸಣೆಯ ದಿನ ಬಂತು. ಅದು ತಿಂಗಳ ಮೊದಲ ಸೋಮವಾರವೂ ಹೌದು!

ಬೆಳಿಗ್ಗೆ ಯಂತ್ರ ತೆರೆದಾಗ ಅಂದಿನ ಮೊದಲ ಹೆಸರು ಪರದೆಯ ಮೇಲೆ ಬಂದು ಕುಳಿತಿತ್ತು. ಶಶಿಕುಮಾರ. ಅವಳು ಆ ಹೆಸರನ್ನೇ ನೋಡುತ್ತ ಕುಳಿತಳು. ಹೆಸರು ಬದಲಿಸಿ ತನ್ನ ಸುಳ್ಳು ಸಂಖ್ಯೆ ಹಾಕುವುದನ್ನು ಮರೆತು ಗದ್ದ ಇಟ್ಟಳು. ಅಮೀನಾಬಿ ಗುಂಡಿ ಒತ್ತಿದಳು. ಬಲಗಣ್ಣಿನ ಒಂಬತ್ತು ಚಿತ್ರಗಳೂ ಅವನ ಕಡತಕ್ಕೆ ಹೋಗಿ ಬಿದ್ದವು.

ಆಮೇಲೆ ಅವನು ಬಂದ. "ಮ್ಯಾಲ ನೋಡ್ರಿ, ಕೆಳಗ ನೋಡ್ರಿ" ಬಿಟ್ಟರೆ ಇಬ್ಬರ ನಡುವೆ ಮಾತಿಲ್ಲ. ಈ ಸಲ ಎರಡೂ ಕಣ್ಣು ತೆಗೆದಳು. ಆದರೆ ಕಂಪ್ಯೂಟರು ಬಲಗಣ್ಣೆಂದು ಮೊದಲು ಬಂದ ಒಂಬತ್ತನ್ನೇ ಎತ್ತಿ ಜೋಡಿಸಿ ಡಾಕ್ಟರ ಕೋಣೆಗೆ ಕಳಿಸಿತ್ತು.

ವರದಿಯ ಹಾಳೆ ಕೊಡಲು ಹೋದ ನೀಲಾ ಬಾಗಿಲಲ್ಲೇ ನಿಂತಳು.

"ಎಡಗಣ್ಣ ಛಲೋ ಐತಿ," ಡಾಕ್ಟರ್ ಭಾಗ್ಯಾರ ದನಿ ಭಾರವಾಗಿತ್ತು. "ಆದ್ರ ಈ ಬಲಗಣ್ಣು... ಶಶಿಕುಮಾರ, ನಿಮ್ಮ ಮನ್ಯಾಗ ಯಾರಿಗಾದ್ರೂ ಇರುಳುಗುರುಡ ಐತೇನು? ಪರದಿ ಕೆಳಗಿನ ಪಾಲು ಒಣಗಾಕತ್ತೈತಿ. ಕೆಳಗಿನ ಪಾಲಿನ್ಯಾಗ ಮ್ಯಾಲಿನ ನೋಟ ಇರತೈತಿ. ತಲಿ ಮ್ಯಾಲಿಂದು ಕಾಣಂಗಿಲ್ಲ ನಿಮಗ."

ಶಶಿಕುಮಾರ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಮೇಲೆ ನೋಡಿದ. "ಕಾಣತೈತಲ್ರೀ... ಪೂರಾ ಹೋಗತೈತೇನ್ರಿ ಮುಂದ? ನಾ ಹಲಗಿ ಮ್ಯಾಲ ಬರೀಬೇಕ್ರೀ, ಡಾಕ್ಟರ..."

ಗೋಡೆಯ ದೊಡ್ಡ ಪರದೆಯ ಮೇಲೆ ಆ ಕಣ್ಣು. ಒಂಬತ್ತೂ ಕೂಡಿ ಒಂದಾದ, ಅಗಲವಾದ ಕಣ್ಣು! ನೀಲಾ ಅದನ್ನು ಎಂದೂ ಹೀಗೆ ನೋಡಿರಲಿಲ್ಲ. ಆದರೂ ಗುರುತು ಹಿಡಿದಳು. ತನ್ನ ಮುಖ ಗುರುತು ಹಿಡಿದಂತೆ.

*ಸುಮ್ಮನಿದ್ದರೆ? ಆಮೇಲೆ ಸದ್ದಿಲ್ಲದೆ ಸರಿಪಡಿಸಿದರೆ?* ಗುಟ್ಟು ಬಿಟ್ಟರೆ ಕೆಲಸ ಹೋದೀತು. ಆ ಕೋಣೆಯೂ ಹೋದೀತು... ಆದರೆ ಅವನು ಬಲಗಣ್ಣನ್ನು ಮತ್ತೆ ಮತ್ತೆ ಮುಚ್ಚಿ ತೆರೆಯುತ್ತಿದ್ದ. ತಾನು ವರ್ಷಪೂರ್ತಿ ಹೊತ್ತ ಭಯವನ್ನು ಅವನ ಹೆಗಲ ಮೇಲೆ ಒಂದು ಗಳಿಗೆಯೂ ಇಡಲಾರಳು ಅವಳು.

"ಅದು ಅವರ ಕಣ್ಣಲ್ರೀ."

ಇಬ್ಬರೂ ತಿರುಗಿದರು.

"ನಂದು ರೀ... ಅದು ನನ್ನ ಕಣ್ಣು."

ಒಂದೊಂದಾಗಿ ಎಲ್ಲ ಹೇಳಿದಳು. ಸುಳ್ಳು ಸಂಖ್ಯೆ, ಸೋಮವಾರ, ಅಪ್ಪನ ಕತ್ತಲು. ಹೇಳುತ್ತ ಹೇಳುತ್ತ ಅಳು ಬಂತು, ಒರೆಸಿಕೊಳ್ಳಲಿಲ್ಲ.

ಶಶಿಕುಮಾರ ಎದ್ದು ನಿಂತಿದ್ದ. "ಮ್ಯಾಲಿಂದು ಕಾಣಂಗಿಲ್ಲ..." ಎಂದ ತನ್ನಷ್ಟಕ್ಕೆ. "ಮೊಗಸಾಲಿಂದ ಕೈ ಮಾಡಿದ್ನಿ ನಾನು... ಮೂರ ಸಲ..."

"ಗೊತ್ತಿರಲಿಲ್ರೀ ನನಗ," ಎಂದಳು ನೀಲಾ.

ಡಾಕ್ಟರ್ ಭಾಗ್ಯಾ ಮೊದಲು ಬೈದರು, ಚೆನ್ನಾಗಿಯೇ ಬೈದರು. "ಮಂದಿ ಕಡತದಾಗ ನಿನ್ನ ಕಣ್ಣ ಹಾಕೂದು, ಅದನ್ನ ನನ್ನಿಂದ ಮುಚ್ಚಿಡೂದು! ಖೋಡಿ ಅದೀ ಏನ ನೀನು?" ಆಮೇಲೆ ಶಶಿಕುಮಾರನ ಬಲಗಣ್ಣಿನ ನಿಜವಾದ ಚಿತ್ರ ನೋಡಿ ಅದು ಸರಿ ಇದೆ ಎಂದು ಹೇಳಿ, ನೀಲಾಳ ಕೈ ಹಿಡಿದು ಕೂರಿಸಿ, ಔಷಧ ಹಾಕಿ, ಎರಡೂ ಕಣ್ಣನ್ನು ಗಂಟೆಗಟ್ಟಲೆ ನೋಡಿದರು.

"ಇಲ್ಲಿ ನೋಡು. ಬಿಡಿ ಚಿತ್ರದಾಗ ನೀ ಬರೇ ಚುಕ್ಕಿ ನೋಡೀದಿ. ಎಲ್ಲಿ ಇಲ್ಲ ಅನ್ನೂದ ನೋಡಿಲ್ಲ." ಅವರ ಬೆರಳು ಅಗಲ ಚಿತ್ರದ ಮೇಲೆ ಗೆರೆ ಎಳೆಯಿತು. "ಎರಡೂ ಕಣ್ಣಾಗ ಕೆಳಗಿನ ಪಾಲಷ್ಟ. ನಡುವು, ಮ್ಯಾಲೆ, ಎಡಬಲ ಸ್ವಚ್ಛ. ನಿಮ್ಮಪ್ಪಗ ಈ ವಯಸ್ಸಿಗೆ ಸುತ್ತಲೂ ಇತ್ತು. ಒಂದ ಮನ್ಯಾಗನೂ ಇದು ಒಬ್ಬೊಬ್ಬರಿಗೆ ಒಂದೊಂದ ನಮೂನಿ ನಡೀತೈತಿ. ಮುಂದ ಹಬ್ಬಂಗಿಲ್ಲ ಅಂತ ನಾ ಆಣಿ ಮಾಡಂಗಿಲ್ಲ. ಆದ್ರ ಇಂಥಾದ್ದು ಬಾಳ ಸಾವಕಾಶ ನಡಿಯೂ ರೋಗ. ವರ್ಷಕ್ಕೊಮ್ಮೆ ಜೋಡಿಸಿ ನೋಡೂಣು. ಕೆಲಸದ ಮಾತ ನಾ ಆಡಳಿತದವರ ಹತ್ರ ಆಡತೇನಿ."

ನೀಲಾ ಆ ಚಿತ್ರವನ್ನೇ ನೋಡಿದಳು. ಇಷ್ಟು ಅಗಲವಿತ್ತೆ ತನ್ನ ಕಣ್ಣು? ಇಷ್ಟು ಬೆಳಕು ಉಳಿದಿತ್ತೆ!

*

ಕತ್ತಲೆಕೋಣೆಗೆ ಮರಳಿದಾಗ ಅವನು ಹಿಂದೆಯೇ ಬಂದ. ಕಂಪ್ಯೂಟರಿನ ಮಂದ ಬೆಳಕಿನಲ್ಲಿ ಅವಳಿಗೆ ಕಂಡದ್ದು ಮತ್ತದೇ ಎರಡನೆಯ ಗುಂಡಿ.

"ಅವತ್ತ ಎಷ್ಟ ದಿನ ಅಂತ ಕೇಳಿದ್ದು ಇದಕ್ಕೇನ್ರಿ?"

"ಹೂಂ."

"ನಾನ ಸಣ್ಣವ. ನಿಮ್ಮನ್ನ ಅಂಥವರಲ್ಲ ಅನ್ಕೊಂಡಿದ್ನಿ ಅಂತ ಅಂದು ಹೋದ್ನಿ. ತಪ್ಪಾತು."

"ಹಂಗ ತಿಳಕೋರಿ ಅಂತ ಅಂದಾಕಿ ನಾನ ಅಲ್ಲೇನ್ರಿ?" ನೀಲಾ ಉಸಿರು ಎಳೆದುಕೊಂಡಳು. "ಈಗ ಖರೇ ಹೇಳತೇನಿ, ಕೇಳ್ರಿ. ನೀವಂದ್ರ ನನಗ ಜೀವ. ಮೊದಲನೇ ದಿನದಿಂದ. ಅದಕ್ಕ ಒಂದ ಮಾತ ಬೇಡಿಕೊಳ್ಳತೇನಿ, ನಡಸಿಕೊಡ್ರಿ. ಈ ಕಣ್ಣ ಎಷ್ಟ ದಿನ ಅಂತ ಡಾಕ್ಟರಿಗೂ ಗೊತ್ತಿಲ್ಲ. ನಮ್ಮವ್ವ ನಮ್ಮಪ್ಪನ ಕೈ ಹಿಡದು ನಡಸಿ ನಡಸಿ ದಣದು ಹೋದ್ಲು. ನಿಮ್ಮನ್ನ ಹಂಗ ದಣಸಾಕ ನನ್ನಿಂದ ಆಗೂದಿಲ್ಲ. ಈಗ ಹೋಗಿಬಿಡ್ರಿ. ಮತ್ತ ಬರಬ್ಯಾಡ್ರಿ."

ಅವನ ಹೆಜ್ಜೆ ಸರಿಯಿತು. ನೀಲಾ ಕಣ್ಣು ಮುಚ್ಚಿ ಬಾಗಿಲ ಸದ್ದಿಗಾಗಿ ಕಾದಳು.

ಬಾಗಿಲು ಸದ್ದು ಮಾಡಲಿಲ್ಲ. ರೋಗಿಗಳು ಕೂರುವ ಗಿಡ್ಡ ಸ್ಟೂಲು ಕಿರ್ರೆಂದಿತು.

ಕಣ್ಣು ತೆರೆದಳು. ಅವನು ಎದುರಿಗೆ ಕುಳಿತಿದ್ದ, ತಗ್ಗಿನಲ್ಲಿ. ಅವಳು ಕತ್ತು ಎತ್ತಬೇಕಿರಲಿಲ್ಲ. ಅವನ ಮುಖ ಪೂರ್ತಿಯಾಗಿ, ಹಣೆಯಿಂದ ಗದ್ದದವರೆಗೆ, ಅವಳ ನೋಟದೊಳಗೆ ತಾನಾಗಿ ಬಂದು ನಿಂತಿತ್ತು.

"ಈಗ ಕಾಣತೇನೇನ್ರಿ?"

"ಕಾಣತೀರಿ..." ಎಂದಳು. "ನಾ ಬೇಡಿದ್ದು ಕೊಡ್ರಿ, ಮಾಸ್ತರ. ಹೋಗ್ರಿ."

ಅವನು ಗದ್ದವನ್ನು ಕ್ಯಾಮೆರಾದ ಮುಂದೆ ಅದರ ಜಾಗದಲ್ಲಿಟ್ಟ, ಚಿತ್ರ ತೆಗೆಸಿಕೊಳ್ಳಲು ಕುಳಿತವನಂತೆ ಅವಳನ್ನೇ ನೋಡಿದ.

"ಇಲ್ಲ," ಎಂದ. "ಹೋಗಂಗಿಲ್ಲ."