ಭವಾನಿಯ ರಟ್ಟೆ ಹಿಡಿದವನು

"ಅಯ್ಯೋ... ಬಿಡ್ರೀ! ಕೈ ಬಿಡ್ರೀ!"

ಕೊಪ್ಪಳದಿಂದ ಯಲಬುರ್ಗಾಕ್ಕೆ ಹೊರಟಿದ್ದ ಬೆಳಗಿನ ಬಸ್ಸು, ಭಾನಾಪುರದ ಹತ್ತಿರ ಕುರಿ ಹಿಂಡು ಅಡ್ಡ ಬಂದು ಗಕ್ಕನೆ ನಿಂತಿತ್ತು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಭವಾನಿ ಮುಗ್ಗರಿಸಿ ಇನ್ನೇನು ಬಾಗಿಲ ಮೆಟ್ಟಿಲ ಮೇಲೆ ಉರುಳಬೇಕು... ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದವನೊಬ್ಬ ಚಂಗನೆ ಎದ್ದು ಅವಳ ಎಡ ರಟ್ಟೆ ಹಿಡಿದು ಎಳೆದುಕೊಂಡಿದ್ದ.

ಬೀಳುವುದು ತಪ್ಪಿತು. ಆದರೆ ಭುಜದೊಳಗೆ ಬೆಂಕಿ ಬಿದ್ದಂತಾಯಿತು. ಕಣ್ಣು ಕತ್ತಲಿಟ್ಟಿತು. ಭವಾನಿ ಕಿರುಚಿಬಿಟ್ಟಳು.

ಬಸ್ಸಿನಲ್ಲಿದ್ದವರು ಕಂಡದ್ದು ಅಷ್ಟೇ. ಕಂಡಕ್ಟರಮ್ಮನ ತೋಳು ಒಬ್ಬ ಗಂಡಸಿನ ಕೈಯಲ್ಲಿ, ಅವಳ ಬಾಯಲ್ಲಿ ಚೀರಾಟ!

"ಹೆಣ್ಮಗಳ ಮೈಮ್ಯಾಲ ಕೈ ಹಾಕ್ತಿಯೇನಲೇ?" ಕುಕನೂರಿನ ಬಟ್ಟೆ ವ್ಯಾಪಾರಿಯೊಬ್ಬ ನುಗ್ಗಿ ಬಂದು ಅವನ ಕೆನ್ನೆಗೆ ಬಾರಿಸಿದ.

"ಬೀಳತಿದ್ರು, ಅದಕ್ಕ ಹಿಡದ್ನಿರಿ... ಮೇಡಮ್ಮಾರ, ನೀವರ ಒಂದ್ ಮಾತ ಹೇಳ್ರಿ!"

ಅವನು ಅವಳನ್ನೇ ನೋಡುತ್ತಿದ್ದ. ನಲವತ್ತೈದರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಬೆರಳ ತುದಿಗಳಲ್ಲಿ ವಾರ್ನಿಷ್ ಕಲೆ.

ಭವಾನಿ ಬಾಯಿ ತೆರೆದಳು. ಉಸಿರು ಬಂದಿತ್ತು. ಮಾತೂ ಬರುತ್ತಿತ್ತು. ಆದರೆ...

*ಭುಜ ನೋವು ಅಂದ್ರ ಡ್ರೈವರ್ ಆದೆಪ್ಪಗ ಗೊತ್ತಾಗತೈತಿ. ಅವನಿಂದ ಡಿಪೋಕ್ಕ. ಎತ್ತಾಕ ಬರದ ಕೈ ಇಟ್ಕೊಂಡು ಇಕಿ ಹೆಂಗ ಡ್ಯೂಟಿ ಮಾಡತಾಳ ಅಂತ ಕೇಳಿದ್ರ?*

ಅವಳು ಕಣ್ಣು ಮುಚ್ಚಿಕೊಂಡಳು.

"ಇಳಿಯಲೇ ಮೊದಲ!" ಡ್ರೈವರ್ ಆದೆಪ್ಪ ಗದರಿದ. ಆ ಮನುಷ್ಯ ಇಳಿದ. ಬಸ್ಸು ಹೊರಟಿತು.

ಹಿಂದಿನ ಗಾಜಿನಲ್ಲಿ ಭವಾನಿ ನೋಡಿದಳು. ಅವನು ರಸ್ತೆ ಬದಿಯಲ್ಲಿ ನಿಂತೇ ಇದ್ದ, ಕೆನ್ನೆಗೆ ಕೈ ಹಚ್ಚಿಕೊಂಡು.

---

ನೋವು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಪೆಟ್ಟು ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಒಂದು ದಿನ ಸೆರಗು ಹೊದೆಯುವಾಗ ಚುಳ್ ಎಂದಿತ್ತು, ಅಷ್ಟೇ. ಆಮೇಲೆ ಬಸ್ಸಿನ ಮೇಲಿನ ಸರಳು ಹಿಡಿಯಲಾಗಲಿಲ್ಲ. ಆ ಮಗ್ಗುಲಿಗೆ ಮಲಗಲಾಗಲಿಲ್ಲ. ನಲವತ್ತೆರಡು ವರ್ಷದ ಮಗಳ ತಲೆಯನ್ನು ತಾಯಿ ಶಿವಲಿಂಗಮ್ಮ ಬಾಚಬೇಕಾಗಿತ್ತು.

ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ತಾಯಿ, ಮಗಳು ಇಬ್ಬರೇ.

ಉಳುಕು ತೆಗೆಯುವವರ ಹತ್ತಿರ ಹೋಗಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡಿದ್ದಳು. ಮರುದಿನ ಕೈ ಇನ್ನಷ್ಟು ಬಿಗಿದಿತ್ತು.

"ಇನ್ನ ನಿನ್ನ ಮಾತ ಕೇಳಂಗಿಲ್ಲ," ಎಂದು ಬಸ್ಸಿನಲ್ಲಿ ಚೀರಿದ ಆ ವಾರವೇ ಶಿವಲಿಂಗಮ್ಮ ಅವಳನ್ನು ಕೊಪ್ಪಳದ ಎಲುಬು ಡಾಕ್ಟರ ಬಳಿ ಎಳೆದುಕೊಂಡು ಹೋದಳು.

ಡಾಕ್ಟರು ಮೊದಲು ಅವಳಿಗೇ ಕೈ ಎತ್ತಲು ಹೇಳಿದರು. ಆಮೇಲೆ ತಾವೇ ಹಿಡಿದು ಮೆಲ್ಲಗೆ ಎತ್ತಿ ನೋಡಿದರು. ಎರಡೂ ಸಲ ಕೈ ಒಂದೇ ಕಡೆ ನಿಂತಿತು. ಎಕ್ಸ್‌ರೇಯಲ್ಲಿ ಎಲುಬು ಸರಿಯಿತ್ತು. ರಕ್ತದಲ್ಲಿ ಮಾತ್ರ ಶುಗರ್ ಇನ್ನೂರ ನಲವತ್ತು!

"ಇದಕ್ಕ ಫ್ರೋಜನ್ ಶೋಲ್ಡರ್ ಅಂತಾರವ್ವ. ಕೀಲಿನ ಸುತ್ತ ಒಂದು ಚೀಲ ಇರತೈತಿ, ಅದು ಬಾತು ಬಿಗಿದೈತಿ. ಶುಗರ್ ಇದ್ದವರಿಗೆ ಇದು ಜಾಸ್ತಿ."

"ಕೈ ಹೋತೇನ್ರಿ?" ಭವಾನಿ ಕೇಳಿದಳು.

"ಎಲ್ಲೂ ಹೋಗಂಗಿಲ್ಲ. ಮೊದಲ ನೋವು, ಆಮ್ಯಾಲ ಬಿಗಿತ, ಕಡೀಕ ತಾನ ಸಡಿಲ ಆಗತೈತಿ. ವರ್ಷ ಹಿಡಿಬಹುದು, ಎರಡೂ ಹಿಡಿಬಹುದು. ಮೊದಲ ಶುಗರ್ ಇಳಿಸೂಣು. ಆಮ್ಯಾಲ ಕೀಲಿನಾಗ ಒಂದು ಇಂಜೆಕ್ಷನ್ ಕೊಡ್ತೀನಿ, ನೋವು ತಗ್ಗತೈತಿ. ಆದ್ರ ಅದರಿಂದ ನಾಕು ದಿನ ಶುಗರ್ ಏರತೈತಿ, ನೋಡ್ಕೋಬೇಕು. ವ್ಯಾಯಾಮ ಮಾತ್ರ ದಿನಾ. ತಿಕ್ಕಿಸೂದು ಇವತ್ತಿಗೆ ಬಂದ್!"

"ಇಷ್ಟೆಲ್ಲಾ ಮಾಡಿಯೂ ಆಗದಿದ್ರ?"

"ಅರಿವಳಿಕೆ ಕೊಟ್ಟು ನಾವ ಕೈ ಎತ್ತಿ ಬಿಡಸ್ತೀವಿ. ಇಲ್ಲಾ ಸಣ್ಣ ತೂತಿನ ಆಪರೇಷನ್. ಭಾಳ ಮಂದಿಗೆ ಅಲ್ಲಿ ಮಟ ಬರೂದಿಲ್ಲ. ಹಗುರ ಡ್ಯೂಟಿ ಕೊಡ್ರಿ ಅಂತ ಚೀಟಿ ಬರದು ಕೊಡ್ಲೇನು?"

"ಬ್ಯಾಡ್ರಿ!" ಅಂದುಬಿಟ್ಟಳು ಭವಾನಿ.

---

ಫಿಸಿಯೋಥೆರಪಿ ಕೇಂದ್ರದ ಮುಬಾಶಿರಾಗೆ ಇಪ್ಪತ್ತೇಳು ವರ್ಷ. ನಗುತ್ತಲೇ ಕಠಿಣವಾಗಿರುವ ಹುಡುಗಿ. ಭವಾನಿ ಎರಡನೇ ವಾರ ಅಲ್ಲಿಗೆ ಹೋದಾಗ ಒಬ್ಬ ಮನುಷ್ಯ ನೆಲದ ಮೇಲೆ ಕುಳಿತು ಕಾವು ಕೊಡುವ ಮಷೀನು ಬಿಚ್ಚಿಕೊಂಡಿದ್ದ.

ಬೆರಳ ತುದಿಗಳಲ್ಲಿ ವಾರ್ನಿಷ್ ಕಲೆ...

ಭವಾನಿ ಗುರುತು ಹಿಡಿದಳು. ಅವನೂ ತಲೆ ಎತ್ತಿದ. ಗುರುತು ಹಿಡಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ.

"ನಾ ಹೊರಗ ನಿಂದರ್ತೀನ್ರಿ," ಎಂದು ಮುಬಾಶಿರಾಗೆ ಹೇಳಿದ.

"ಯಾಕ ಗುರುಬಸವಣ್ಣ? ನಿಮ್ಮ ಕೆಲಸ ನೀವು ಮಾಡ್ರಿ. ಭವಾನಿ ಅಕ್ಕಾ, ಎಡಗೈ ಮುಂದಿನಿಂದ ಎತ್ರಿ. ಆಗೂ ಅಷ್ಟ ಎತ್ರಿ."

ಭವಾನಿ ಎತ್ತಿದಳು. ಕೈ ಭುಜದ ಮಟ್ಟಕ್ಕೂ ಬರಲಿಲ್ಲ. ತುಟಿ ಕಚ್ಚಿದರೂ ಕಣ್ಣಲ್ಲಿ ನೀರು ಬಂತು.

"ಎಪ್ಪತ್ತು ಡಿಗ್ರಿ," ಬರೆದುಕೊಂಡಳು ಮುಬಾಶಿರಾ.

ಗುರುಬಸವ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಅವನ ಮುಖದ ಮೇಲೆ ಏನೋ ಬದಲಾಯಿತು.

"ಹಂಗಾರ... ಅವತ್ತು ನಾ ಹಿಡದಿದ್ದು ಇದ ಕೈಯೇನ್ರಿ?"

"ಹೂನ್ರಿ." ಭವಾನಿ ತಲೆ ತಗ್ಗಿಸಿದಳು. "ನನ್ನದು ತಪ್ಪಾತ್ರಿ. ನೋವಿಗೆ ಚೀರಿದ್ನಿ. ಹೇಳಬೇಕಿತ್ತು, ಹೇಳಲಿಲ್ಲ. ಕೆಲಸದ ಅಂಜಿಕಿ... ಕ್ಷಮಾ ಮಾಡ್ರಿ."

ಅವನು ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ.

"ಯಲಬುರ್ಗಾದಾಗ ನಂದು ಮೋಟಾರ್ ರಿಪೇರಿ ಅಂಗಡಿರಿ. ಹೇಣ್ತಿ ತೀರಿ ಆರು ವರ್ಷ ಆತು, ಅಕ್ಕನ ಸಂಗಾಟ ಇರ್ತೀನಿ. ಬಸ್ಸಿನ ಸುದ್ದಿ ಊರಿಗೆಲ್ಲಾ ಹಬ್ಬೈತಿ. ಮಿಕ್ಸಿ ತರತಿದ್ದ ಹೆಣ್ಮಕ್ಕಳು ಈಗ ಅಂಗಡಿ ಮುಂದ ಹಾಯೂ ಮುಂದ ಸೆರಗ ಬಿಗಿ ಮಾಡ್ಕೊಂತಾರ. ನಮ್ಮಕ್ಕ ಕಳಕಮ್ಮ ಹಿಟ್ಟಿನ ಗಿರಣಿಗೆ ಹೋಗೂದ ಬಿಟ್ಟಾಳ."

ಭವಾನಿ ಮತ್ತೆ ಕ್ಷಮೆ ಕೇಳಲು ಬಾಯಿ ತೆರೆದಳು.

"ನನಗ ನಿಮ್ಮ ಕ್ಷಮಾ ಬ್ಯಾಡ್ರಿ," ಎಂದ ಅವನು, ದನಿ ಏರಿಸದೆ. "ಆ ಬಸ್ಸಿನ್ಯಾಗ ಇದ್ದವರಿಗೆ ಹೇಳ್ರಿ. ಅಷ್ಟ ಸಾಕು."

---

ಮರುದಿನ ಅದೇ ಬೆಳಗಿನ ಬಸ್ಸು. ಅದೇ ದಿನನಿತ್ಯದ ಮಂದಿ. ಕುಕನೂರಿನ ವ್ಯಾಪಾರಿಯೂ ಇದ್ದ. ಊರು ದಾಟಿದ ಮೇಲೆ ಭವಾನಿ ಸೀಟಿ ಊದಿ ಬಸ್ಸು ಬದಿಗೆ ನಿಲ್ಲಿಸಿದಳು.

"ಏನಾತವ್ವ?" ಆದೆಪ್ಪ ತಿರುಗಿ ನೋಡಿದ.

"ಒಂದ್ ಮಾತೈತಿ, ಎಲ್ಲಾರೂ ಕೇಳ್ರಿ!" ಅವಳು ಬಸ್ಸಿನ ನಡುವೆ ಬಂದು ನಿಂತಳು. "ಮೂರು ವಾರದ ಹಿಂದ ಒಬ್ಬರನ್ನ ಬಡದು ಇಳಿಸಿದಿರಿ. ಅವರದೇನೂ ತಪ್ಪಿರಲಿಲ್ಲ. ನಾ ಬೀಳತಿದ್ನಿ, ಹಿಡದು ಉಳಿಸಿದ್ರು. ನನ್ನ ಭುಜ ಹಿಡ್ಕೊಂಡೈತಿ, ನೋಡ್ರಿ, ಇಷ್ಟ ಏಳತೈತಿ. ಮುಟ್ಟಿದ್ರ ಜೀವ ಹೋಗತೈತಿ. ಅದಕ್ಕ ಚೀರಿದ್ನಿ. ಸುಮ್ಮನ ಉಳಿದಿದ್ದು ನನ್ನ ತಪ್ಪು."

ವ್ಯಾಪಾರಿ ತನ್ನ ಅಂಗೈ ನೋಡಿಕೊಂಡ. "ಅವರು ಎಲ್ಲಿರ್ತಾರ್ರಿ?" ಎಂದು ಮೆಲ್ಲಗೆ ಕೇಳಿದ. ಆ ದಿನ ಅವನು ಕುಕನೂರಿನಲ್ಲಿ ಇಳಿಯದೆ ಯಲಬುರ್ಗಾದವರೆಗೂ ಹೋದ.

ಕೊಪ್ಪಳಕ್ಕೆ ಮರಳಿದ ಮೇಲೆ ಆದೆಪ್ಪನೇ ಅವಳನ್ನು ಡಿಪೋ ಮ್ಯಾನೇಜರ ಮುಂದೆ ಕರೆದೊಯ್ದ.

"ನಾಕು ತಿಂಗಳು ಒಂದ ಕೈಲೆ ಡ್ಯೂಟಿ ಮಾಡ್ಯಾಳ್ರಿ. ನಮಗ ಗೊತ್ತ ಆಗಲಿಲ್ಲ!"

ಮ್ಯಾನೇಜರು ಬೈದರು. ಕೆಲಸಕ್ಕೆ ಬೈಯಲಿಲ್ಲ, ಮುಚ್ಚಿಟ್ಟದ್ದಕ್ಕೆ. ಡಾಕ್ಟರ ಚೀಟಿ ತರಿಸಿಕೊಂಡು ಬಸ್ ನಿಲ್ದಾಣದ ಪಾಸ್ ಕೌಂಟರಿಗೆ ಹಾಕಿದರು.

*ಇಷ್ಟಕ್ಕ ಒಬ್ಬರ ಮಾನಾ ಕಳದ್ನಲ್ಲ...* ಆ ದಿನ ಕೌಂಟರಿನ ಕುರ್ಚಿಯ ಮೇಲೆ ಕುಳಿತು ಭವಾನಿ ಅತ್ತಳು.

---

ಮುಂದಿನ ಮಂಗಳವಾರ ಕೌಂಟರಿನ ಕಿಂಡಿಯಲ್ಲಿ ಒಂದು ಮುಖ ಬಗ್ಗಿತು. ಗುರುಬಸವ!

"ಮೋಟಾರಿಗೆ ಸುತ್ತಾಕ ತಾಮ್ರದ ತಂತಿ ಒಯ್ಯಾಕ ಬಂದಿದ್ನಿ," ಎಂದ. "ನಮ್ಮಕ್ಕ ಗಿರಣಿಗೆ ಹೋಗ್ಯಾಳ್ರಿ. ಅದನ್ನ ಹೇಳಿ ಹೋಗೂಣು ಅಂತ."

ಅದರ ಮುಂದಿನ ಮಂಗಳವಾರವೂ ಬಂದ. "ಇವತ್ತು ಎಷ್ಟು ಡಿಗ್ರಿ?"

"ಎಂಬತ್ತು."

ಶುಗರ್ ಹತೋಟಿಗೆ ಬಂದ ಮೇಲೆ ಇಂಜೆಕ್ಷನ್ ಆಯಿತು. ನೋವು ಅರ್ಧಕ್ಕೆ ಇಳಿಯಿತು, ಬಿಗಿತ ಉಳಿಯಿತು. ದಿನಾ ಎರಡು ಹೊತ್ತು ಬಿಸಿ ಕಾವು, ಆಮೇಲೆ ಬಗ್ಗಿ ನಿಂತು ಕೈ ತೂಗಾಡಿಸುವುದು, ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವುದು, ಬೆನ್ನ ಹಿಂದೆ ಟವೆಲ್ ಎಳೆಯುವುದು. ಒಂದು ಮಂಗಳವಾರ ಅವನು ಹಳೇ ರಾಟೆಯೊಂದಕ್ಕೆ ಹಗ್ಗ ಪೋಣಿಸಿ ತಂದುಕೊಟ್ಟ.

"ಬಾಗಲಾ ಮ್ಯಾಲ ಸಿಗಸ್ರಿ. ಛಲೋ ಕೈಲೆ ಎಳದ್ರ ಇದು ಏಳತೈತಿ. ಮುಬಾಶಿರಾನ್ನ ಕೇಳಿನ ಮಾಡೀನಿ."

ಚಿಕಿತ್ಸೆಯ ಐದನೇ ತಿಂಗಳು ಕೈ ತೊಂಬತ್ತೈದರಲ್ಲೇ ನಿಂತುಬಿಟ್ಟಿತು. ಆರು ವಾರ ಒಂದು ಡಿಗ್ರಿಯೂ ಮುಂದೆ ಹೋಗಲಿಲ್ಲ.

"ನನಗ ಸಾಕಾತ್ರಿ!" ಭವಾನಿ ಕಿಂಡಿಯೊಳಗಿನಿಂದಲೇ ಸಿಡುಕಿದಳು. "ಅರಿವಳಿಕೆ ಕೊಟ್ಟು ಎತ್ತಿಬಿಡ್ಲಿ, ಏನಾಗತೈತಿ ಆಗ್ಲಿ."

"ಡಾಕ್ಟರು ಏನಂದ್ರು?"

"ಇನ್ನ ಮೂರು ತಿಂಗಳು ನೋಡೂಣು ಅಂದ್ರು."

"ಹಂಗಾರ ಮೂರು ತಿಂಗಳು ನೋಡೂಣು," ಎಂದ ಅವನು.

*ನೋಡೂಣು...* ಅವನು 'ನೋಡ್ರಿ' ಅಂದಿರಲಿಲ್ಲ. ಆ ಒಂದು ಮಾತು ಭವಾನಿಯನ್ನು ವಾರಪೂರ್ತಿ ಬಿಡಲಿಲ್ಲ.

ಏಳನೇ ತಿಂಗಳು ಕೈ ತಾನಾಗಿಯೇ ಸಡಿಲಾಗತೊಡಗಿತು. ನೂರಾಹತ್ತು... ನೂರಾಮೂವತ್ತು... ನೂರಾನಲವತ್ತೈದು! ಈಗ ಮಂಗಳವಾರ ಬಂತೆಂದರೆ ಶಿವಲಿಂಗಮ್ಮ ಕೇಳದೆಯೇ ಡಬ್ಬಿಗೆ ಎರಡು ರೊಟ್ಟಿ ಜಾಸ್ತಿ ಹಾಕುತ್ತಿದ್ದಳು.

---

ಆ ಮಂಗಳವಾರ ಊಟದ ವೇಳೆಯಲ್ಲಿ ಇಬ್ಬರೂ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತಿದ್ದರು. ಗಂಗಾವತಿ ಬಸ್ಸು ಹೊರಡುವ ಗದ್ದಲ. ಭವಾನಿ ಅವನ ಎಡಗಡೆ ಕುಳಿತಿದ್ದಳು. ಇವತ್ತು ಹೇಳದಿದ್ದರೆ ಮುಂದೆ ಎಂದೂ ಹೇಳಲಾರೆ ಅನಿಸಿತು.

ಮುಖ ಎತ್ತದೆಯೇ ಹೇಳಿದಳು, "ಇಷ್ಟು ವರ್ಷ ಒಬ್ಬಾಕಿನ ಇದ್ನಿ. ಇನ್ನ ಇರಬೇಕು ಅನಸವಲ್ದು. ನೀವು... ನನ್ನ ಮದಿವಿ ಆಗ್ತೀರೇನ್ರಿ?"

ಅವನು ಮುಂದೆ ನೋಡುತ್ತಲೇ ಇದ್ದ. ಒಂದು ಕ್ಷಣ... ಎರಡು ಕ್ಷಣ... ಆಮೇಲೆ ಎದ್ದ.

"ಚಾ ತರ್ತೀನಿ ತಡೀರಿ," ಎಂದು ನಡೆದೇಬಿಟ್ಟ.

ಭವಾನಿ ಊಟದ ಡಬ್ಬಿ ಮುಚ್ಚಿದಳು. *ಕೇಳಿಯೂ ಕೇಳದಂಗ ಹ್ವಾದ್ರು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ನನ್ನ ಮ್ಯಾಲ ಇದ್ದಿದ್ದು ಕನಿಕರ ಅಷ್ಟ...*

ಅವನು ಚಹಾ ತರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಕೌಂಟರಿನ ಕಿಂಡಿ ಮುಚ್ಚಿತ್ತು.

ಮುಂದಿನ ಮಂಗಳವಾರದವರೆಗೆ ಅವನು ಕಾಯಲಿಲ್ಲ. ಮರುದಿನವೇ ಬಂದ. ಪಾಸಿನವರ ಸಾಲಿನಲ್ಲಿ ನಿಂತು, ತನ್ನ ಪಾಳಿ ಬಂದಾಗ ಕಿಂಡಿಗೆ ಬಗ್ಗಿದ.

"ನಿನ್ನೆ ಹಂಗ್ಯಾಕ ಎದ್ದು ಹ್ವಾದ್ರಿ? ಎರಡೂ ಚಾ ನಾನ ಕುಡದ್ನಿ."

"ನಾ ಅಂಥಾ ಮಾತು ಕೇಳಿದ್ರ ನೀವು ಚಾ ತರಾಕ ಹ್ವಾದ್ರಿ! ಇನ್ನೇನ ಮಾಡ್ಲಿ?"

"ಎಂಥಾ ಮಾತು?"

ಭವಾನಿ ದಿಟ್ಟಿಸಿ ನೋಡಿದಳು. ಅವನ ಮುಖದಲ್ಲಿ ನಾಟಕವಿರಲಿಲ್ಲ. ಗುರುಬಸವ ನಿಧಾನವಾಗಿ ತನ್ನ ಎಡಗಿವಿ ಮುಟ್ಟಿಕೊಂಡ.

"ನಾ ಯಾರಿಗೂ ಹೇಳಿಲ್ರಿ... ಇಪ್ಪತ್ತು ವರ್ಷ ಮೋಟಾರ್ ಸಪ್ಪಳದಾಗ ಕುಂತು ಈ ಕಿವಿ ಕೇಳೂದ ಬಿಟ್ಟೈತಿ. ಗದ್ದಲದಾಗಂತೂ ಪೂರಾ ಇಲ್ಲ. ಗಿರಾಕಿ ಹೋದಾರು ಅಂತ ಮುಚ್ಚಿಟ್ಟೀನಿ. ಏನ್ ಕೇಳಿದ್ರಿ ನಿನ್ನೆ?"

ಹಿಂದೆ ನಿಂತ ಮುದುಕಿಯೊಬ್ಬಳು ಗೊಣಗಿದಳು, "ಲಗೂನ ಮುಗಸ್ರಿ ಯಪ್ಪಾ!"

ಭವಾನಿಯ ಕಣ್ಣು ತುಂಬಿ ಬಂದವು, ನಗುವೂ ಬಂತು. "ಐದು ನಿಮಿಷ ತಡಿ ಯವ್ವಾ," ಎಂದು ಕೌಂಟರಿನಿಂದ ಹೊರಗೆ ಬಂದಳು. ಅವನೆದುರು ನಿಂತು, ಗಟ್ಟಿಯಾಗಿ ಕೇಳಿದಳು.

"ನನ್ನ ಮದಿವಿ ಆಗ್ತೀರೇನು ಅಂತ ಕೇಳಿದ್ನಿ!"

ಸಾಲಿಗೆ ಸಾಲೇ ತಿರುಗಿತು. ಗುರುಬಸವನ ಮುಖ ಕೆಂಪಾಯಿತು.

"ವಿಚಾರ ಮಾಡಿ ಹೇಳ್ರಿ," ಭವಾನಿ ದನಿ ತಗ್ಗಿಸಿದಳು. "ನನಗ ಶುಗರ್ ಐತಿ. ಈ ಕೈ ಪೂರಾ ಮೊದಲಿನಂಗ ಆಗಲಿಕ್ಕಿಲ್ಲ. ನಾಳೆ ಬಲಗೈಗೂ ಬರಬಹುದು ಅಂತಾರ ಡಾಕ್ಟರು."

"ಬಂದ್ರ ಬರ್ಲಿ. ನೋಡೂಣು." ಅವನು ಕಣ್ಣೊರೆಸಿಕೊಂಡ. "ನನ್ನ ಕಿವಿ ಮಾತ್ರ ವಾಪಸ್ ಬರಂಗಿಲ್ರಿ. ಅದನ್ನ ನೀವೂ ವಿಚಾರ ಮಾಡ್ರಿ."

"ಮಾಡಿದ್ನಿ."

"ಏನಂತ?"

"ಇನ್ನಮ್ಯಾಲ ನಾ ನಿಮ್ಮ ಬಲಗಡೆ ಕುಂದ್ರತೀನಿ."