ಆರೂವರೆಯ ಚೌಕ

ಸಹಿ ಕಣ್ಣೆದುರೇ ಇದ್ದೂ ಎರಡನೇ ಸಲ ಚುಚ್ಚುವಷ್ಟು ದಡ್ಡಿಯೇ ಇವಳು? ದಡ್ಡಿಯಲ್ಲದಿದ್ದರೆ ಕೊಬ್ಬೇ? ಔಷಧಿ ಚಾರ್ಟನ್ನು ಹತ್ತನೇ ಸಲ ನೋಡುತ್ತಿದ್ದ ಇನ್ಸ್‌ಪೆಕ್ಟರಿಗೆ ಎರಡೂ ಸರಿಕಾಣಲಿಲ್ಲ. ಎದುರಿನ ಬೆಂಚಿನಲ್ಲಿ ಕೂತಿದ್ದ ನರ್ಸ್ ಅಳುತ್ತಲೂ ಇರಲಿಲ್ಲ.

ದೂರು ಬಂದದ್ದು ಅಂದು ಬೆಳಗ್ಗೆ 10.40ಕ್ಕೆ. ಕೊಟ್ಟವಳು ಸತ್ತವರ ಮಗಳು, ಟೈಲರ್. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಲಕ್ವ ಹೊಡೆದು ಅಪ್ಪಂಗೆ ಮಾತು ನಿಂತೋಗಿತ್ತು ಸಾರ್. ಆಗ್ಲೇ ಚುಚ್ಚಿದಾರೆ ಅಂತ ಹೇಳೋಕೆ ಅವರಿಗೆ ಬಾಯಿರ್ಲಿಲ್ಲ. ಇವಳಿಗೆ ಕಣ್ಣೂ ಇರ್ಲಿಲ್ವಾ?"

ಆಸ್ಪತ್ರೆಯ ಮ್ಯಾನೇಜರ್ ಹೇಳಿದ್ದೂ ಅದನ್ನೇ. ರಾತ್ರಿ ಪಾಳಿಯ ನರ್ಸ್ 6.30ಕ್ಕೆ ಇನ್ಸುಲಿನ್ ಕೊಟ್ಟು ಸಹಿ ಹಾಕಿದ್ದಾಳೆ, ಬೆಳಗಿನವಳು 7.10ಕ್ಕೆ ಮತ್ತೆ ಕೊಟ್ಟಳು. ರಕ್ತದ ಸಕ್ಕರೆ ಕುಸಿದು 9.20ಕ್ಕೆ ಸಾವು. ಎಫ್‌ಐಆರ್ ದಾಖಲಾಯಿತು. 12.15ಕ್ಕೆ ಪಂಚನಾಮೆ ಮಾಡಿ, ಮ್ಯಾನೇಜರನ ಕೋಣೆಯಿಂದ ಚಾರ್ಟನ್ನು ವಶಕ್ಕೆ ಪಡೆದರು. ಸಂಜೆಯೊಳಗೆ ಬೆಂಚಿನ ಮೇಲಿದ್ದ ಈ ಬೆಳಗಿನ ನರ್ಸಿನ ಬಂಧನವಾದರೆ ಆಕೆಯ ಕೆಲಸ, ನರ್ಸಾಗಿ ಇದ್ದ ನೋಂದಣಿ ಎರಡೂ ಹೋದಂತೆ.

"ಆರೂವರೆಯ ಸಹಿ ಹಾಕೋ ಚೌಕ ಖಾಲಿ ಇತ್ತು," ಎಂದಳು ನರ್ಸ್, ನಾಲ್ಕನೇ ಸಲ.

"ಖಾಲಿ ಇದ್ರೆ ಕೇಳಬೇಕಿತ್ತು."

"ರಾತ್ರಿ ಪಾಳಿಯವಳಿಗೆ ಫೋನ್ ಮಾಡ್ದೆ. ಅವಳು ಐಸಿಯುಗೆ ಓಡಿದ್ಲು, ಎತ್ತಲಿಲ್ಲ. ಎರಡು ವಾರ್ಡಿಗೆ ಒಬ್ಬಳೇ."

"ಸಕ್ಕರೆ ಪರೀಕ್ಷೆ ಮಾಡಬೇಕಿತ್ತಲ್ಲ!"

"ಸ್ಟ್ರಿಪ್ ಎಲ್ಲಿದೆ? ಹನ್ನೊಂದು ದಿನದಿಂದ ಮ್ಯಾನೇಜರಿಗೆ ಬರೆದು ಬರೆದು ಕೊಡ್ತಿದೀನಿ. ಪಿಸ್ತೂಲಿಗೆ ಗುಂಡು ಕೊಡದೆ ಕಳ್ಳನ್ನ ಹಿಡಿ ಅಂದ್ರೆ ಹಿಡೀತೀರಾ ಸಾರ್?"

"ಲಾಠಿನೂ ಇಲ್ದೆ ಹಿಡಿದಿದೀವಿ ಸಿಸ್ಟರ್," ಎಂದು ಗೊಣಗಿದ ದಫೇದಾರ್. ಯಾರೂ ನಗಲಿಲ್ಲ.

ಇನ್ಸ್‌ಪೆಕ್ಟರ್ ಚಾರ್ಟನ್ನು ಆಕೆಯ ಮುಂದಕ್ಕೆ ತಳ್ಳಿದರು. "ಹಾಗಾದ್ರೆ ಇದೇನು? ನಿಮ್ಮಜ್ಜಿ ಬಂದು ಸಹಿ ಹಾಕಿದ್ರಾ?"

ಸಾವಿನ ನಂತರ ಆಕೆ ಅದನ್ನು ನೋಡುತ್ತಿದ್ದುದು ಇದೇ ಮೊದಲು. ಆರೂವರೆಯ ಸಹಿಯ ಮೇಲೆ ಬೆರಳಿಟ್ಟಳು.

"ಇದು ನೀಲಿ," ಎಂದಳು. "ನಾವು ಹಗಲು ನೀಲಿ ಇಂಕಲ್ಲಿ ಬರೀತೀವಿ, ರಾತ್ರಿ ಕೆಂಪಲ್ಲಿ. ಆರೂವರೆ ರಾತ್ರಿ ಪಾಳಿದು."

ಇನ್ಸ್‌ಪೆಕ್ಟರ್ ಹಿಂದಿನ ಪುಟಗಳನ್ನು ತಿರುವಿದರು. ಹದಿನಾರು ದಿನಗಳ ಆರೂವರೆಯ ಸಹಿ, ಹದಿನಾರೂ ಕೆಂಪು. ಇದೊಂದೇ ನೀಲಿ.

3.05ಕ್ಕೆ ರಾತ್ರಿ ಪಾಳಿಯ ನರ್ಸ್ ಹೇಳಿಕೆ ಕೊಟ್ಟಳು: ಇನ್ಸುಲಿನ್ ಕೊಟ್ಟದ್ದು ನಿಜ, ಐಸಿಯುನಿಂದ ಕರೆ ಬಂದು ಸಹಿ ಹಾಕದೆಯೇ ಓಡಿದ್ದೂ ನಿಜ. ಸಹಿ ನಿನ್ನದೇ ಅಂತ ಒಪ್ಪಿಕೋ, ನಿನ್ನ ಕೆಲಸ ಉಳಿಯುತ್ತೆ ಎಂದಿದ್ದ ಮ್ಯಾನೇಜರ್.

3.50ಕ್ಕೆ ಅವನನ್ನೇ ಕರೆಸಿದರು.

"ಎಷ್ಟು ವರ್ಷದಿಂದ ಇಲ್ಲಿದೀರಿ?"

"ಒಂಬತ್ತು."

"ರಾತ್ರಿ ನರ್ಸ್ ಯಾವ ಇಂಕಲ್ಲಿ ಬರೀತಾರೆ?"

"ಯಾವುದಾದ್ರೇನು ಸಾರ್? ಪೆನ್ನು ಪೆನ್ನೇ."

ಇನ್ಸ್‌ಪೆಕ್ಟರ್ ಮೇಜು ಗುದ್ದಿದರು. "ಒಂಬತ್ತು ವರ್ಷದಲ್ಲಿ ಒಂದು ದಿನ ಚಾರ್ಟ್ ಬಿಡಿಸಿ ನೋಡಿಲ್ವಲ್ಲೋ ನೀನು!"

4.30ಕ್ಕೆ ಮ್ಯಾನೇಜರನ ಬಂಧನವಾಯಿತು.

ಆಸ್ಪತ್ರೆ ಅವನ ಅಣ್ಣನದು. ಅಣ್ಣ ಡಾಕ್ಟರ್, ಇವನು ಓದು ತಲೆಗೆ ಹತ್ತದವನು. ಅರ್ಧ ಜನರಲ್ಲೇ ಇಡೀ ಆಸ್ಪತ್ರೆ ನಡೆಸಿ ತೋರಿಸಿ, ಅಣ್ಣನ ಬಾಯಲ್ಲಿ ಒಮ್ಮೆ ಭೇಷ್ ಅನ್ನಿಸಿಕೊಳ್ಳಬೇಕಿತ್ತು. ಮುಂದಿನ ವಾರ ಪರವಾನಗಿಯ ತಪಾಸಣೆ. ರಾತ್ರಿ ಎರಡು ವಾರ್ಡಿಗೆ ಒಬ್ಬಳೇ ನರ್ಸ್ ಎಂಬುದನ್ನು ಖಾಲಿ ಚೌಕ ಬಯಲು ಮಾಡುತ್ತಿತ್ತು; ಕೈಗೆ ಸಿಕ್ಕ ನೀಲಿ ಪೆನ್ನಲ್ಲಿ ಅವನು ಅದನ್ನು ತುಂಬಿದ.

ನರ್ಸ್ ಎದ್ದು ನಿಂತಳು. "ನಾನಿನ್ನು ಹೋಗಬಹುದಾ?"

"ಹೋಗಿ. ಸಾಕ್ಷಿಗೆ ಕರೆದಾಗ ಬರಬೇಕಾಗುತ್ತೆ."

ತಪ್ಪು ತಿಳಿದಿದ್ದೆ ಎಂದು ಇನ್ಸ್‌ಪೆಕ್ಟರ್ ಆಕೆಗೆ ಹೇಳಲೇ ಇಲ್ಲ.